ಮರಳು ಹೊಳೆಗಳೂ ಸೇತುವೆಯ ಅಡಿಪಾಯವೂ

ಮಧುಗಿರಿಗೆ ಹೋಗುವವರು ಏಕಶಿಲೆಯ ಬೆಟ್ಟವನ್ನೂ ಅದರ ನೆತ್ತಿಯವರೆಗೆ ಹತ್ತಿರುವ ಕೋಟೆಯನ್ನೂ ಕಂಡು ಬರುತ್ತಾರೆ. ಶಿರಾಕ್ಕೆ ಹೋದವರು 1696ರಲ್ಲಿ ಕಟ್ಟಿದ ಜುಮ್ಮಾ ಮಸೀದಿಯ ಮುಂದೆ ನಿಂತು ಮೊಗಲ್ ಸುಬೇದಾರರ ಕಾಲವನ್ನು ನೆನೆಯುತ್ತಾರೆ. ಪಾವಗಡದ ದುರ್ಗಕ್ಕೂ ಅದರ ಪಾಲಿನ ಪ್ರೇಕ್ಷಕರುಂಟು. ಆದರೆ ಈ ಊರುಗಳಿಗೆ ಹೋಗುವ ದಾರಿಯಲ್ಲಿ ತಾವು ದಾಟಿದ ಸೇತುವೆಗಳನ್ನು ನೆನಪಿನಲ್ಲಿಟ್ಟುಕೊಂಡು ಬಂದವರನ್ನು ನಾವು ಇನ್ನೂ ಕಂಡಿಲ್ಲ. ನಾವೂ ಅಂಥವರಲ್ಲಿ ಒಬ್ಬರಾಗಿದ್ದೆವು. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಆ ಸೀಮೆಯ ಶಾಸನಗಳನ್ನು ನೋಡಲು ಹೋಗಿದ್ದಾಗ, ಒಂದು ಸೇತುವೆಯ ಮೇಲೆ ವಾಹನ ಕೆಟ್ಟುನಿಂತಿತು. ಕೆಳಗೆ ನೀರಿರಲಿಲ್ಲ, ಮರಳು, ಜಾಲಿಯ ಪೊದೆ, ಮೇಯುವ ಕುರಿ. ನಮ್ಮ ವಿದ್ಯಾರ್ಥಿಯೊಬ್ಬನು, "ಇಷ್ಟು ಒಣಗಿದ ಹೊಳೆಗೆ ಇಷ್ಟು ದೊಡ್ಡ ಸೇತುವೆ ಏಕೆ ಸಾರ್?" ಎಂದು ಕೇಳಿದನು. ಚರಿತ್ರೆಯನ್ನು ಬೋಧಿಸುವ ನಮಗೆ ಆಗ ಉತ್ತರ ತೋಚಲಿಲ್ಲ. ತರುವಾಯ ಓದಿಯೂ ತಿಳಿದವರನ್ನು ಕೇಳಿಯೂ ಸಂಗ್ರಹಿಸಿದ್ದನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಮೊದಲು ಹೊಳೆಗಳ ಮಾತು. ತುಮಕೂರಿನ ಸಮೀಪದ ದೇವರಾಯನದುರ್ಗದ ಬೆಟ್ಟದ ಸಾಲು ಒಂದು ಸೋಜಿಗದ ಸ್ಥಳ. ಅಲ್ಲಿ ಹುಟ್ಟಿದ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುವಳು. ಅಲ್ಲಿಯೇ ಹುಟ್ಟಿದ ಜಯಮಂಗಲಿ ಉತ್ತರಾಭಿಮುಖವಾಗಿ ಕೊರಟಗೆರೆ ಮಧುಗಿರಿಗಳ ಸೀಮೆಯನ್ನು ದಾಟಿ ಉತ್ತರ ಪಿನಾಕಿನಿಯಲ್ಲಿ ಲೀನವಾಗುವಳು. ಕೊರಟಗೆರೆಯ ಸೀಮೆಯ ಸುವರ್ಣಮುಖಿ ಗರುಡಾಚಲಗಳ ನೀರೂ ಜಯಮಂಗಲಿಗೇ ಸೇರತಕ್ಕದ್ದು. ನಂದಿಯ ಬೆಟ್ಟಗಳಿಂದ ಇಳಿದುಬರುವ ಉತ್ತರ ಪಿನಾಕಿನಿಯಾದರೋ ಪಾವಗಡ ತಾಲ್ಲೋಕಿನ ನಾಗಲಮಡಿಕೆಯ ಬಳಿ ಹಾದು ಮತ್ತೆ ಆಂಧ್ರಕ್ಕೆ ಹೋಗುತ್ತಾಳೆ. ಇವೆಲ್ಲ ವರ್ಷದ ಬಹುಭಾಗ ಒಣಗಿರುವ ಹೊಳೆಗಳು. ಮಳೆ ಕಡಮೆ, ಆದರೆ ಬೀಳುವ ಮಳೆ ಹಂಚಿಕೆಯಾಗಿ ಬೀಳುವುದಿಲ್ಲ. ಎರಡು ಮೂರು ರಾತ್ರಿಗಳಲ್ಲಿ ಸುರಿದು, ಬೆಳಗಾಗುವಷ್ಟರಲ್ಲಿ ದಡದಿಂದ ದಡಕ್ಕೆ ಕೆಂಪು ನೀರು ನಿಂತಿರುತ್ತದೆ. 2022ರ ಮಳೆಗಾಲದಲ್ಲಿ ಜಯಮಂಗಲಿ ಹಾಗೆ ತುಂಬಿ ಹರಿದಾಗ, ಹೊಳೆಯೆಂಬುದನ್ನು ಮರಳಿನ ಬಯಲಾಗಿ ಮಾತ್ರ ಕಂಡಿದ್ದ ಎಳೆಯರು ದಡಕ್ಕೆ ಬಂದು ನಿಂತು ನೋಡಿದರು.

ಈ ಮರಳು ಸಾಮಾನ್ಯವಾದುದಲ್ಲ. ರೈಸ್ ಸಾಹೇಬರ ಮೈಸೂರು ಗೆಜೆಟಿಯರನ್ನು ತೆರೆದು ನೋಡಿದರೆ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಈ ನಾಲ್ಕು ತಾಲ್ಲೋಕುಗಳ ಹೆಸರು ಒಂದೇ ಕಡೆ ಬರುವುದು 'ತಲಪರಿಗೆ'ಯ ಪ್ರಸ್ತಾವದಲ್ಲಿ. ಮರಳುನೆಲದಲ್ಲಿ ಅಡಗಿರುವ ಒರತೆಯ ತಲೆಯನ್ನು ಬಿಡಿಸಿ, ಕಿರುಗಾಲುವೆಯ ಮೂಲಕ ನೀರನ್ನು ಗದ್ದೆಗೂ ತೋಟಕ್ಕೂ ಹರಿಸುವ ಏರ್ಪಾಡು ಅದು. ಮೇಲೆ ಒಣಗಿ ಕಾಣುವ ಮರಳು ಕೆಳಗೆ ನೀರನ್ನು ಹಿಡಿದಿರುತ್ತದೆಂಬುದನ್ನು ಈ ಜನ ತಲೆತಲಾಂತರದಿಂದ ಬಲ್ಲರು. ಅದೇ ಜನ, ಆ ಮರಳಿನ ಮೇಲೆ ಭಾರವಾದ ಕಲ್ಲಿನ ಕಟ್ಟಡವನ್ನು ನಿಲ್ಲಿಸುವ ಗೋಜಿಗೆ ಹೋಗಲಿಲ್ಲ. ಬೆಟ್ಟದ ತುದಿಗೆ ಕೋಟೆಯ ಕಲ್ಲನ್ನು ಹೊತ್ತವರಿಗೆ ಸಾಮರ್ಥ್ಯ ಸಾಲದೆ ಹೋಯಿತೆಂದು ಹೇಳುವಂತಿಲ್ಲ. ನಮ್ಮ ಹಳಬರು ಸೇತುವೆಯನ್ನು ಎಲ್ಲಿ ಕಟ್ಟಿದರೆಂಬುದನ್ನು ನೋಡಿದರೆ ಇದರ ಕಾರಣ ತಾನಾಗಿಯೇ ಹೊಳೆಯುತ್ತದೆ.

ಹಂಪೆಯಲ್ಲಿ ವಿಠ್ಠಲ ದೇವಾಲಯದಿಂದ ಅನತಿದೂರದಲ್ಲಿ ತುಂಗಭದ್ರೆಯ ನಡುವೆ ವಿಜಯನಗರ ಕಾಲದ ಸೇತುವೆಯ ಕಲ್ಲುಕಂಬಗಳು ಸಾಲಾಗಿ ನಿಂತಿವೆ. ಮೇಲಿನ ಹಾಸು ಎಂದೋ ಹೋಯಿತು. ಕಂಬಗಳು ಶತಮಾನಗಳ ಪ್ರವಾಹವನ್ನು ಕಂಡೂ ಹೋಗಲಿಲ್ಲ. ಕಾರಣ, ಅವುಗಳ ಕೆಳಗಿರುವುದು ಬಂಡೆ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿಸಿ, ಅಂದಿನ ಗವರ್ನರ್ ಜನರಲ್ಲನ ಹೆಸರಿನಿಂದ ವೆಲ್ಲೆಸ್ಲಿ ಸೇತುವೆಯೆಂದು ಕರೆದುದೂ ಇದೇ ಜಾತಿಯದು: ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ದೇವಾಲಯದ ಮಂಟಪವನ್ನೇ ಎಳೆದು ಹೊಳೆಗೆ ಅಡ್ಡಲಾಗಿ ಹಾಸಿದಂತೆ ಕಾಣುವ ಈ ಕಟ್ಟಡವನ್ನು ನಮ್ಮ ನಾಡಿನ ಕೆಲಸಗಾರರೇ ಕಟ್ಟಿದರು. ಶಿವನಸಮುದ್ರದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ಸೇತುವೆಗಳೂ ಹೀಗೆಯೇ. ಬಂಡೆಯ ಮೇಲೆ ನಿಂತದ್ದೆಲ್ಲ ಅಮರವೆಂದು ನಾವು ಹೇಳುವುದಿಲ್ಲ. ಸತ್ತೆಗಾಲದ ಬಳಿಯ ಹಳೆಯ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಆದರೂ ನಿಯಮ ಸ್ಪಷ್ಟ: ಬಂಡೆ ಎಲ್ಲಿ ತಲೆಯೆತ್ತಿದೆಯೋ ಅಲ್ಲಿ ಸೇತುವೆ, ಮರಳು ಎಲ್ಲಿ ಹಾಸಿದೆಯೋ ಅಲ್ಲಿ ಹೊಳೆ ಇಳಿಯುವ ತನಕ ದಡದಲ್ಲಿ ಕಾಯುವುದು. ಇಂಜಿನಿಯರುಗಳ ಕಾಲ ಬಂದಮೇಲೂ ಬಹುದಿನ ಇಂಥ ಕಡೆಗಳಲ್ಲಿ ರೋಡ್ ಡ್ಯಾಮ್ ಎಂಬ ತಗ್ಗಾದ ಕಲ್ಲುಹಾಸನ್ನು ಹಾಕಿ ಬಿಡುತ್ತಿದ್ದರು. ನೀರು ಬಂದಾಗ ಅದರ ಮೇಲೆಯೇ ಹರಿಯಲಿ, ಜನ ನಿಲ್ಲಲಿ ಎಂದು ಅದರ ತಾತ್ಪರ್ಯ.

ಹಾಗಾದರೆ ಮರಳಿನ ದೋಷವೇನು? ಭಾರವನ್ನು ಹೊರಲಾರದೆಂಬುದಲ್ಲ. ಕದಲದೆ ಇರುವ ಮರಳು ಸಾಕಷ್ಟು ಭಾರವನ್ನು ಹೊರುತ್ತದೆ. ಅದು ಕದಲದೆ ಇರುವುದಿಲ್ಲವೆಂಬುದೇ ದೋಷ. ಪಾದ ಮುಳುಗುವಷ್ಟು ಹರಿಯುವ ಹೊಳೆಯಲ್ಲಿ ಬರಿಗಾಲಿನಲ್ಲಿ ನಿಂತವರಿಗೆ ಇದರ ಅನುಭವ ಉಂಟು. ಸ್ವಲ್ಪ ಹೊತ್ತಿಗೆ ಹಿಮ್ಮಡಿಯ ಸುತ್ತಲಿನ ಮರಳು ಜಾರಿ, ಕಾಲು ತಾನಾಗಿಯೇ ಕುಸಿಯುತ್ತದೆ. ಸೇತುವೆಯ ಕಂಬಕ್ಕೂ ಆಗುವುದು ಇದೇ. ಹರಿದುಬಂದ ನೀರು ಕಂಬದ ಮುಖಕ್ಕೆ ಬಡಿದು, ಮುಂದೆ ಹೋಗಲಾರದೆ, ಒಂದಂಶ ಕೆಳಮುಖವಾಗಿ ಧುಮುಕುತ್ತದೆ. ಧುಮುಕಿದ ನೀರು ತಳವನ್ನು ತೋಡುತ್ತ, ಕಂಬದ ಎರಡು ಪಕ್ಕಕ್ಕೂ ಕುದುರೆಯ ಲಾಳದ ಆಕಾರದಲ್ಲಿ ಸುತ್ತಿಕೊಂಡು ಸುಳಿಯಾಗಿ, ಎಬ್ಬಿಸಿದ ಮರಳನ್ನು ಕೆಳಕ್ಕೆ ಒಯ್ಯುತ್ತದೆ. ಇದಲ್ಲದೆ, ವೆಚ್ಚವನ್ನು ಉಳಿಸಲು ಸೇತುವೆಯನ್ನು ಹೊಳೆಯ ಅಗಲಕ್ಕಿಂತ ಗಿಡ್ಡಾಗಿ ಕಟ್ಟಿದ್ದರೆ, ಇಕ್ಕಟ್ಟಿನಲ್ಲಿ ನುಗ್ಗುವ ನೀರಿನ ವೇಗ ಹೆಚ್ಚಿ, ತಳವೆಲ್ಲ ಒಟ್ಟಾಗಿ ತಗ್ಗುತ್ತದೆ.

ಇದರಲ್ಲಿ ಒಂದು ವಂಚನೆಯುಂಟು. ಪ್ರವಾಹ ಏರಿದಾಗ ಕೊರೆದ ಹೊಂಡವನ್ನು ಪ್ರವಾಹ ಇಳಿಯುವಾಗ ಅದೇ ಹೊಳೆ ಮರಳು ತಂದು ತುಂಬಿಬಿಡುತ್ತದೆ. ನೀರು ಬತ್ತಿದ ಮೇಲೆ ನೋಡಹೋದವನಿಗೆ ತಳ ಎಂದಿನಂತೆ ಸಮನಾಗಿ ಕಾಣುತ್ತದೆ. ಹಿಂದಿನ ರಾತ್ರಿ ಕಂಬದ ಬುಡ ಹತ್ತು ಅಡಿ ಬರಿದಾಗಿ ನಿಂತಿತ್ತೆಂಬುದಕ್ಕೆ ಕುರುಹೇ ಉಳಿಯುವುದಿಲ್ಲ. ಇದನ್ನು ಹಿಡಿಯಲು ಒಂದು ಸರಳ ಉಪಾಯವಿದೆ. ಉದ್ದನೆಯ ಕಬ್ಬಿಣದ ಸರಪಳಿಯನ್ನು ಬೇಸಗೆಯಲ್ಲಿ ಮರಳಿನೊಳಗೆ ನೆಟ್ಟಗೆ ಹೂತಿಡುವುದು. ಮಳೆಗಾಲ ಕಳೆದ ಮೇಲೆ ಅಗೆದು ನೋಡುವುದು. ಪ್ರವಾಹವು ಎಷ್ಟು ಆಳದವರೆಗೆ ಮರಳನ್ನು ಎಬ್ಬಿಸಿತ್ತೋ ಅಲ್ಲಿಯವರೆಗಿನ ಸರಪಳಿ ಬಾಗಿ ಮಲಗಿರುತ್ತದೆ. ಅದರ ಕೆಳಗಿನದು ನೆಟ್ಟಗೇ ಇರುತ್ತದೆ. ಶಾಸನದ ಕಲ್ಲನ್ನು ಓದುವ ನಮಗೆ ಈ ಸರಪಳಿಯ ಮೇಲೆ ಒಂದು ಬಗೆಯ ಅಕ್ಕರೆ ಹುಟ್ಟಿತೆಂದು ಒಪ್ಪಿಕೊಳ್ಳಬೇಕು. ಹೊಳೆ ತನ್ನ ಕೈಯಾರೆ ಬರೆದಿಟ್ಟ ದಾಖಲೆ ಅದೊಂದೇ.

ಆಳ ತಿಳಿಯದ ಮರಳಿನ ಮೇಲೆ ಕಟ್ಟುವ ವಿದ್ಯೆ ದಕ್ಷಿಣ ದೇಶದಲ್ಲಿ ಹೊಸದಾಗಿ ಬಂದುದಲ್ಲ. ನಮ್ಮ ಕಾವೇರಿಯೇ ಕೆಳಗೆ ತಂಜಾವೂರಿನ ಸೀಮೆಗೆ ಇಳಿದಾಗ ಅಲ್ಲಿ ಕರಿಕಾಲ ಚೋಳನ ಕೃತಿಯೆಂದು ಪರಂಪರೆ ಹೇಳುವ ಕಲ್ಲಣೆ ಇದೆ. 1836ರಲ್ಲಿ ಕೊಳ್ಳಿಡಂ ನದಿಗೆ ಮೇಲಣೆಯನ್ನು ಕಟ್ಟಿದ ಆರ್ಥರ್ ಕಾಟನ್, ಸಡಿಲ ಮರಳಿನಲ್ಲಿ ತಳಹದಿಯನ್ನು ಭದ್ರಪಡಿಸುವ ಬಗೆಯನ್ನು ತಾವು ಕಲಿತದ್ದು ಈ ಹಳೆಯ ಕಟ್ಟೆಯವರಿಂದಲೇ ಎಂದು ಮರೆಮಾಚದೆ ಬರೆದನು. ಆಳುವ ಜನಾಂಗದ ಇಂಜಿನಿಯರನೊಬ್ಬನ ಬಾಯಿಂದ ಆ ಕಾಲದಲ್ಲಿ ಇಂಥ ಮಾತು ಬಂದುದು ಅಪರೂಪವೆಂದೇ ನಮ್ಮ ಎಣಿಕೆ. ಉಪಾಯವಾದರೂ ಎಂಥದು? ಮರಳಿನ ಮೇಲೆ ದೊಡ್ಡ ಕಲ್ಲುಗಳನ್ನು ಸುರಿಯುವುದು. ನೀರು ಅವುಗಳ ಕೆಳಗಿನ ಮರಳನ್ನು ಕೊರೆದಾಗ ಕಲ್ಲು ಕುಸಿಯುತ್ತದೆ. ಕುಸಿದ ಕಲ್ಲಿನ ಮೇಲೆ ಮತ್ತೆ ಕಲ್ಲು. ಹೀಗೆ ಕೊರೆತವನ್ನೇ ಕೂಲಿಯಾಳನ್ನಾಗಿ ಮಾಡಿಕೊಂಡು ಕಲ್ಲನ್ನು ಬೇಕಾದ ಆಳಕ್ಕೆ ಇಳಿಸುವುದು. ಅರ್ಧ ಶತಮಾನದ ಮೇಲೆ ಬೆಲ್ ಎಂಬ ರೈಲ್ವೆ ಇಂಜಿನಿಯರನು ಪಂಜಾಬಿನ ಹುಚ್ಚು ನದಿಗಳನ್ನು ಸೇತುವೆಯ ಕೆಳಗೆ ನಡೆಸಿಕೊಂಡು ಹೋಗಲು ಕಟ್ಟಿದ ಮಾರ್ಗದರ್ಶಕ ದಂಡೆಗಳ ಬುಡದಲ್ಲಿಯೂ ಇದೇ ಸಡಿಲಗಲ್ಲಿನ ಹಾಸು ಇದೆ. ತಳ ತಗ್ಗಿದಂತೆಲ್ಲ ಅದು ತಾನೇ ಜಾರಿ ಇಳಿಜಾರನ್ನು ಮುಚ್ಚಿಕೊಳ್ಳುತ್ತದೆ.

ಎರಡನೆಯ ಉಪಾಯ ಬಾವಿಯದು. ಇದೂ ಈ ದೇಶದ್ದೇ. ಯಮುನೆಯ ದಡದ ತಾಜಮಹಲು ನಿಂತಿರುವುದು ಇಂಥ ಬಾವಿಗಳ ಮೇಲೆ. ಅಂಚು ಹರಿತವಾದ ಒಂದು ದೊಡ್ಡ ಬಳೆಯನ್ನು ಮರಳಿನ ಮೇಲಿಟ್ಟು ಅದರ ಮೇಲೆ ಇಟ್ಟಿಗೆಯ ಇಲ್ಲವೆ ಕಲ್ಲಿನ ಸುತ್ತುಗೋಡೆಯನ್ನು ಎಬ್ಬಿಸುತ್ತಾರೆ. ಒಳಗಿನ ಮರಳನ್ನು ತೋಡಿ ತೆಗೆದಂತೆ ಗೋಡೆ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಇಳಿದಷ್ಟೂ ಮೇಲೆ ಕಟ್ಟುತ್ತ ಹೋಗುವುದು. ಬೇಕಾದ ಆಳ ಮುಟ್ಟಿದಾಗ ಅಡಿಯನ್ನು ಕಾಂಕ್ರೀಟಿನಿಂದ ಮುಚ್ಚಿ, ಒಳಗೆ ಮರಳು ತುಂಬಿ, ಬಾಯಿಗೆ ಮುಚ್ಚಳ ಹಾಕಿದರೆ ಕಂಬಕ್ಕೆ ಪೀಠ ಸಿದ್ಧವಾಯಿತು. 1854ರಲ್ಲಿ ತೆರೆದ ಗಂಗಾ ಕಾಲುವೆಯನ್ನು ರೂರ್ಕಿಯ ಬಳಿ ಸೋಲಾನಿ ಹೊಳೆಯ ಮೇಲೆ ದಾಟಿಸಿದ ಮೇಲ್ಗಾಲುವೆ ಹೀಗೆ ನಿಂತಿತು. 1915ರಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಪದ್ಮಾ ನದಿಯ ಹಾರ್ಡಿಂಜ್ ಸೇತುವೆಗೆ ಬಾವಿಗಳನ್ನು 150 ಅಡಿಯಷ್ಟು ಆಳಕ್ಕೆ ಇಳಿಸಿದರು. ಇಂದು ಯಂತ್ರದಿಂದ ಕೊರೆದು ಕಾಂಕ್ರೀಟು ತುಂಬುವ ಕಂಬಗೂಟಗಳು ಹೆಚ್ಚಾಗಿ ಬಳಕೆಯಲ್ಲಿವೆ.

ಎಷ್ಟು ಆಳ ಸಾಕು? ಪ್ರಶ್ನೆಯೆಲ್ಲ ಇದೇ. ಸಂಯುಕ್ತ ಪ್ರಾಂತದ ನೀರಾವರಿಯಲ್ಲಿ ಕೆಲಸಮಾಡಿದ ಜೆರಾಲ್ಡ್ ಲೇಸಿ ಎಂಬಾತನು, ಮರಳಿನಲ್ಲಿ ಹರಿಯುವ ನೀರು ತನಗೆ ಬೇಕಾದ ಅಗಲವನ್ನೂ ಆಳವನ್ನೂ ತಾನೇ ಕಂಡುಕೊಳ್ಳುತ್ತದೆಂದು ಗಮನಿಸಿ, 1930ರಲ್ಲಿ ತನ್ನ ಸೂತ್ರಗಳನ್ನು ಪ್ರಕಟಿಸಿದನು. ಲೆಕ್ಕ ಕಷ್ಟದ್ದಲ್ಲ. ಪ್ರವಾಹದ ಪ್ರಮಾಣವನ್ನು ಮರಳಿನ ದಪ್ಪವನ್ನು ಸೂಚಿಸುವ ಗುಣಾಂಕದಿಂದ ಭಾಗಿಸಿ, ಬಂದುದರ ಘನಮೂಲವನ್ನು ತೆಗೆದು, 0.47ರಿಂದ ಗುಣಿಸಿದರೆ ಕೊರೆತದ ಸಾಮಾನ್ಯ ಆಳ ದೊರೆಯುವುದು. ಉದಾಹರಣೆಗಾಗಿ, ಒಂದು ಹೊಳೆಯಲ್ಲಿ ಸೆಕೆಂಡಿಗೆ 18,000 ಘನ ಅಡಿ ನೀರು ಬರುವುದೆಂದೂ ಮಧ್ಯಮ ಗಾತ್ರದ ಮರಳಿನ ಗುಣಾಂಕ 1.25 ಎಂದೂ ಇಟ್ಟುಕೊಳ್ಳೋಣ. ಉತ್ತರ ಸುಮಾರು 11½ ಅಡಿ. ಕಂಬದ ಬುಡದಲ್ಲಿ ಸುಳಿಯಿರುವುದರಿಂದ ಇದನ್ನು ಎರಡರಷ್ಟು ಮಾಡಬೇಕೆಂಬುದು ನಮ್ಮ ದೇಶದ ಸೇತುವೆಗಳ ನಿಯಮಾವಳಿ; ಆಗ 23 ಅಡಿ. ಅದರ ಮೇಲೆ ಮೂರರಲ್ಲೊಂದು ಪಾಲನ್ನು ಹಿಡಿತಕ್ಕೆಂದು ಸೇರಿಸಿದರೆ ಸುಮಾರು 31 ಅಡಿ. ಇದನ್ನು ಅಳೆಯುವುದು ಮರಳಿನ ಮಟ್ಟದಿಂದಲ್ಲ, ಪ್ರವಾಹದ ನೀರಿನ ಮಟ್ಟದಿಂದ. ಪ್ರವಾಹವು ಬೇಸಗೆಯ ಮರಳಿನ ಮೇಲೆ 8 ಅಡಿ ಏರುವುದಾದರೆ, ಆ ಮರಳಿನ ಮೇಲೆ ನಿಂತವನ ಕಾಲಕೆಳಗೆ ಇನ್ನೂ 23 ಅಡಿ ಅಡಿಪಾಯ ಇಳಿದಿರಬೇಕು. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇದು. ಅವನು ಕಂಡು ಬೆರಗಾದ ಸೇತುವೆಯ ದೊಡ್ಡ ಪಾಲು ಅವನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಈ ಸೂತ್ರವನ್ನು ವೇದವಾಕ್ಯವೆಂದು ತಿಳಿಯಬೇಕಾಗಿಲ್ಲ. ಉತ್ತರದ ಬಯಲಿನಲ್ಲಿ ತಿಂಗಳುಗಟ್ಟಲೆ ಹರಿಯುವ ನೀರಿನಿಂದ ಹುಟ್ಟಿದ ಲೆಕ್ಕ ಒಂದೇ ರಾತ್ರಿ ಬಂದುಹೋಗುವ ನಮ್ಮ ಹಳ್ಳಗಳಿಗೆ ಎಷ್ಟರಮಟ್ಟಿಗೆ ಒಪ್ಪುವುದೆಂದು ತಜ್ಞರಲ್ಲಿಯೇ ವಾದವಿದೆ. ಇನ್ನೊಂದು ತೊಡಕು ಪ್ರವಾಹದ ಪ್ರಮಾಣದ್ದು. ಈ ಸೀಮೆಯಲ್ಲಿ ಕೆರೆಗಳು ಸರಪಳಿಯಂತೆ ಒಂದರ ಕೆಳಗೊಂದು ಇವೆ; ಮೇಲಿನ ಕೆರೆಯ ಏರಿ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ. 1903ರ ನವೆಂಬರಿನಲ್ಲಿ ಪಾಲಾರ್ ಕಣಿವೆಯಲ್ಲಿ ಮೈಸೂರು ಸಂಸ್ಥಾನದ ಕೆರೆಗಳು ಹೀಗೆ ಒಡೆದಾಗ ಕೆಳಗಿನ ವಾಣಿಯಂಬಾಡಿ ಊರು ಹಾಳಾಯಿತು. ಮಳೆಯನ್ನು ಮಾತ್ರ ಎಣಿಸಿ ಏರಿಗಳ ಸ್ಥಿತಿಯನ್ನು ಎಣಿಸದ ಲೆಕ್ಕ ಇಲ್ಲಿ ಅರ್ಧ ಲೆಕ್ಕ.

ಇಷ್ಟಾದರೂ ಈ ತೊಡಕುಗಳೆಲ್ಲ ಹೊಳೆಯ ಸ್ವಭಾವದವು. ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಮನುಷ್ಯನಿಂದ ಬಂದುದು. ಬೆಂಗಳೂರು ಬೆಳೆದಂತೆ ಅದರ ಮನೆಗಳಿಗೆ ಬೇಕಾದ ಮರಳು ಎಲ್ಲಿಂದಲೋ ಬರಬೇಕಾಯಿತು. ಜಯಮಂಗಲಿಯಿಂದಲೂ ಸುವರ್ಣಮುಖಿಯಿಂದಲೂ ಉತ್ತರ ಪಿನಾಕಿನಿಯಿಂದಲೂ ಲಾರಿಗಟ್ಟಲೆ ಹೋಯಿತು. ಪರವಾನಗಿಯುಳ್ಳದ್ದೂ ಹೋಯಿತು, ಇಲ್ಲದ್ದು ರಾತ್ರಿಯಲ್ಲಿ ಹೋಯಿತು. ತಲಪರಿಗೆಗಳು ಬತ್ತಿದ್ದಕ್ಕೆ ಕೊಳವೆಬಾವಿಗಳು ಒಂದು ಕಾರಣ, ಇದು ಇನ್ನೊಂದು. ಸೇತುವೆಗೆ ಇದರಿಂದ ಏನಾಯಿತೆಂಬುದನ್ನು ಮೇಲಿನ ಉದಾಹರಣೆಯಲ್ಲಿಯೇ ನೋಡಬಹುದು. ಹಿಡಿತಕ್ಕೆಂದು ಬಿಟ್ಟದ್ದು 7¾ ಅಡಿಗೆ ಮೀರಿಲ್ಲ. ಹೊಳೆಯ ತಳವೆಲ್ಲ ಅಷ್ಟು ತಗ್ಗಿದರೆ, ಅದರೊಡನೆ ಪ್ರವಾಹದ ಮಟ್ಟವೂ ಇಳಿಯುತ್ತದೆ, ಕೊರೆತದ ಹೊಂಡವೂ ಅಷ್ಟೇ ಕೆಳಗಿಳಿಯುತ್ತದೆ. ಅಡಿಪಾಯದ ಬುಡ ಮಾತ್ರ ಇದ್ದಲ್ಲಿಯೇ ಇರುತ್ತದೆ. ಇಂಜಿನಿಯರನ ಲೆಕ್ಕದಲ್ಲಿ ತಪ್ಪಿಲ್ಲ, ಕಟ್ಟಿದವರ ಕೆಲಸದಲ್ಲಿಯೂ ತಪ್ಪಿಲ್ಲ. ಲೆಕ್ಕ ಹಾಕಿದ ಹೊಳೆಯೇ ಅಲ್ಲಿ ಇಲ್ಲ. ಸೇತುವೆಯ ಸಮೀಪದಲ್ಲಿ ಮರಳೆತ್ತಬಾರದೆಂಬ ನಿಯಮವೇನೋ ಇದೆ. ಆದರೆ ದೂರದಲ್ಲಿ ತೋಡಿದ ಹಳ್ಳವನ್ನು ಮುಂದಿನ ಪ್ರವಾಹ ತುಂಬುವುದು ಮೇಲಿನಿಂದ ಮರಳು ತಂದೇ. ಹಾಗೆ ತಗ್ಗು ಹೊಳೆಯ ಉದ್ದಕ್ಕೂ ಹರಿದಾಡುತ್ತದೆ.

ಇದು ಊಹೆಯ ಭೀತಿಯಲ್ಲ. ಪೋರ್ಚುಗಲ್ ದೇಶದಲ್ಲಿ ಡೋರು ನದಿಗೆ ಎಂತ್ರೆ ಉಸ್ ರಿಯುಸ್ ಎಂಬಲ್ಲಿ 1887ರಲ್ಲಿ ಕಟ್ಟಿದ್ದ ಸೇತುವೆಯೊಂದು ನೂರಕ್ಕೂ ಹೆಚ್ಚು ವರ್ಷ ನಿಂತಿತ್ತು. ನದಿಯ ತಳದಿಂದ ಬಹುಕಾಲ ಮರಳು ತೆಗೆಯುತ್ತ ಬಂದರು. 2001ರ ಮಾರ್ಚ್ 4ರ ರಾತ್ರಿ, ಪ್ರವಾಹದ ನಡುವೆ ಒಂದು ಕಂಬ ಕುಸಿದು, ಒಂದು ಬಸ್ಸೂ ಮೂರು ಕಾರುಗಳೂ ನೀರಿಗೆ ಬಿದ್ದು, 59 ಜನ ಸತ್ತರು. ವಿಚಾರಣೆಯಲ್ಲಿ ಮರಳಿನ ಮಾತು ಹೊರಬಂದಿತು. ಸಚಿವನೊಬ್ಬನು ರಾಜೀನಾಮೆ ಕೊಟ್ಟನು. ಅಮೆರಿಕದಲ್ಲಿ 1987ರ ಏಪ್ರಿಲ್ 5ರಂದು ಸ್ಕೋಹರಿ ತೊರೆಯ ಹೆದ್ದಾರಿ ಸೇತುವೆ ಕೊರೆತದಿಂದ ಬಿದ್ದು 10 ಜನ ಸತ್ತಮೇಲೆ, ನೀರಿನ ಮೇಲಿರುವ ಸೇತುವೆಗಳ ಬುಡವನ್ನು ಪರೀಕ್ಷಿಸಬೇಕೆಂದು ಆ ದೇಶದವರು ಗೊತ್ತುಮಾಡಿದರು. ಅಲ್ಲಿ ಮರಳೆತ್ತಿದವರು ಯಾರೂ ಇರಲಿಲ್ಲ. ಅಡಿಪಾಯ ಆಳವಿಲ್ಲದ್ದು, ಅದಕ್ಕೆ ಕಾವಲಾಗಿ ಸುರಿದಿದ್ದ ಕಲ್ಲು ಹಿಂದಿನ ಪ್ರವಾಹಗಳಲ್ಲಿ ಹೋಗಿತ್ತು, ಹೋದದ್ದನ್ನು ಯಾರೂ ತುಂಬಿರಲಿಲ್ಲ.

ಕಳೆದ ಬೇಸಗೆಯಲ್ಲಿ ಆ ವಿದ್ಯಾರ್ಥಿಯೊಡನೆ, ಈಗ ಅವನೂ ಅಧ್ಯಾಪಕ, ಹಿಂದೆ ವಾಹನ ಕೆಟ್ಟುನಿಂತಿದ್ದ ಸೇತುವೆಗೆ ಮತ್ತೆ ಹೋಗಿದ್ದೆವು. ಈ ಸಲ ಮೇಲೆ ನಿಲ್ಲದೆ ಕೆಳಗೆ ಇಳಿದೆವು. ಮರಳು ತೆಳ್ಳಗಾಗಿ ಅಲ್ಲಲ್ಲಿ ಜೇಡಿ ಕಾಣುತ್ತಿತ್ತು. ನೆಲದಲ್ಲಿ ಹುದುಗಿರಬೇಕಾದ ಬಾವಿಯ ಮುಚ್ಚಳ ಹೊರಬಿದ್ದು, ಅದರ ಕೆಳಗೆ ಬಾವಿಯ ಗೋಡೆ ಎರಡು ಮೂರು ಅಡಿ ಕಾಣುತ್ತಿತ್ತು. ಅಷ್ಟು ಕಂಡಮಾತ್ರಕ್ಕೆ ಸೇತುವೆ ಬೀಳುವುದೆಂದು ನಾವು ಹೇಳುವಂತಿಲ್ಲ; ಕೆಳಗೆ ಎಷ್ಟು ಉಳಿದಿದೆಯೆಂಬುದು ಅದರ ನಕ್ಷೆಯನ್ನು ಇಟ್ಟುಕೊಂಡವರಿಗೆ ಗೊತ್ತು. ಕಂಬದ ಮೈಮೇಲೆ ಒಂದು ಗೆರೆಯಿತ್ತು. ಅದರ ಕೆಳಗೆ ಕಾಂಕ್ರೀಟು ಬಿಳಿಚಿ, ಮೇಲೆ ಬಿಸಿಲಿಗೆ ಮಳೆಗೆ ಕಪ್ಪಾಗಿತ್ತು. ಕುರಿ ಕಾಯುತ್ತಿದ್ದ ಮುದುಕರೊಬ್ಬರನ್ನು, "ಯಜಮಾನರೆ, ಹಿಂದೆ ಮರಳು ಎಲ್ಲಿಯವರೆಗೆ ಇತ್ತು?" ಎಂದು ಕೇಳಿದೆವು.

"ಅಗೋ, ಆ ಗೆರೆ ಗಂಟ ಇತ್ತು ಸ್ವಾಮಿ," ಎಂದರು. "ಅದ್ರ ಮ್ಯಾಲೇ ಕುಂತ್ಕಂಡು ಒರತೆ ತೋಡ್ತಿದ್ವು."

ನಮ್ಮ ಮಿತ್ರನು ಕಂಬಕ್ಕೆ ಒತ್ತಿ ನಿಂತು ಕೈಯನ್ನು ಮೇಲಕ್ಕೆ ಚಾಚಿದನು. ಗೆರೆ ಅವನ ಬೆರಳ ತುದಿಗಿಂತ ಇನ್ನೂ ಒಂದು ಗೇಣು ಮೇಲಿತ್ತು.